ಮಿಂಚುಳ್ಳಿಗೆ ಇನ್ನೊಂದು ಸಾಕ್ಷಿ

ಮಕ್ಕಳ ಅಪ್ಪನಿಗೆ,

ನೀವು ಬೇರೆ ಮನೆ ಮಾಡಿದ ಮೇಲೂ ಹಕ್ಕಿ ಪುಸ್ತಕಕ್ಕೆ ನಿಮ್ಮದೇ ಕಾನೂನು ನಡೆಯುತ್ತಿದೆ. ಇಬ್ಬರು ಕಣ್ಣಾರೆ ನೋಡದಿದ್ದರೆ ಹಕ್ಕಿಯ ಹೆಸರು ಬರೆಯುವಂತಿಲ್ಲ. ಚಿಕ್ಕವನ ಸಾಕ್ಷಿಯನ್ನು ಅವನ ಅಕ್ಕ ಒಪ್ಪುವುದಿಲ್ಲ. ಅವನಿಗೆ ಕಾಗೆಯೂ ಹದ್ದೇ.

ವಾರವಿಡೀ ಆಸ್ಪತ್ರೆಯ ಹಾಸಿಗೆ ಬಟ್ಟೆ ಒಗೆದು, ಇಸ್ತ್ರಿ ಮಾಡಿ ಹಣ್ಣಾಗಿ ಹೋಗಿದ್ದೆ. ಆದರೂ ಭಾನುವಾರ ಬೆಳಿಗ್ಗೆ ಇಬ್ಬರನ್ನೂ ಕೆರೆಗೆ ಕರೆದುಕೊಂಡು ಹೋದೆ. ದೊಡ್ಡವಳಿಗೆ ಮೊದಲ ಸಲ ಮಿಂಚುಳ್ಳಿ ಕಂಡಿತು.

“ಅಮ್ಮಾ, ನೋಡಿದ್ಯಾ?”

“ಹೂಂ ಕಣೇ, ನೋಡ್ದೆ. ಎಷ್ಟು ಚೆನ್ನಾಗಿದೆ!”

“ಸುಳ್ಳು ಹೇಳ್ಬೇಡ. ಬೆಂಚಿನ ಮೇಲೆ ಗೊರಕೆ ಹೊಡೀತಿದ್ದೆ.”

ಪುಸ್ತಕದಲ್ಲಿ ತಾರೀಖು ಮಾತ್ರ ಬರೆದು, ಹೆಸರಿನ ಜಾಗ ಖಾಲಿ ಬಿಟ್ಟಿದ್ದಾಳೆ. ಅತ್ತಿದ್ದರೆ ಸಮಾಧಾನ ಮಾಡುತ್ತಿದ್ದೆ. ಅಳಲಿಲ್ಲ.

ಮುಂದಿನ ಭಾನುವಾರ ಏಳು ಗಂಟೆಗೆ ಕೆರೆಯ ಹತ್ತಿರ ಬನ್ನಿ. ದುರ್ಬೀನು ನಿಮ್ಮ ಹತ್ತಿರವೇ ಉಳಿದಿದೆ, ಮರೆಯದೆ ತನ್ನಿ. ಚಿಕ್ಕವನು ನೀರಿನ ಅಂಚಿಗೆ ಹೋಗುತ್ತಾನೆ, ಅವನ ಕೈ ಬಿಡಬೇಡಿ. ನನ್ನ ಜೊತೆ ಮಾತಾಡಬೇಕಾಗುತ್ತದೆಂದು ಹಿಂಜರಿಯುವುದೂ ಬೇಡ. ನಾನು ಅದೇ ಬೆಂಚಿನ ಮೇಲೆ ನಿದ್ದೆ ಮಾಡುತ್ತಿರುತ್ತೇನೆ.

ಇಂತಿ,
ಮಕ್ಕಳ ಅಮ್ಮ