ಬೀಗರ ಮುಂದೆ ಸೊಂಟನೋವು

೧೪ ಅಕ್ಟೋಬರ್, ಮಂಗಳವಾರ. ಶಹಾಬಾದ್.

ನನ್ನ ನಾಲಿಗೆಯ ಮೇಲೆ ನನಗೇ ಹೇಸಿಗೆ ಬಂದಿದೆ. ನನ್ನ ಹಳೇ ಸೊಂಟನೋವಿಗೆ ಮನೆಗೇ ಬಂದು ಆರೈಕೆ ಮಾಡುವ ನರ್ಸ್ ಲುಂಬಿನಿ ಎಂದಿನಂತೆ ಕೇಳಿದಳು: “ಸರ್, ನೋವಿಗೆ ಇವತ್ತು ಹತ್ತರಾಗ ಎಷ್ಟು ಕೊಡ್ತೀರಿ?” ಎದುರಿಗೆ ಚಿತ್ತಾಪುರದ ಬೀಗರು ಸುಸಲಾ ತಿನ್ನುತ್ತ ಕೂತಿದ್ದರು. ಮಗಳನ್ನು ಕೊಟ್ಟ ಮನೆಯವರ ಮುಂದೆ ನರಳುವುದುಂಟೇ? ಎಂಟಿದ್ದದ್ದನ್ನು ನಗುತ್ತ ಎರಡು ಎಂದೆ. ಅವಳು ಅದನ್ನೇ ಬರೆದುಕೊಂಡು ಡಾಕ್ಟರಿಗೆ ಫೋನ್ ಮಾಡಿದಳು, ಅವರು ಗುಳಿಗೆ ಅರ್ಧಕ್ಕಿಳಿಸಿದರು.

“ಭಾಳ ಛಲೋ ಆತು ಬೀಗರ!” ಎಂದು ಕೈಕುಲುಕಿ ಚಿತ್ತಾಪುರದವರು ಬಸ್ಸಿಗೆ ಹೋದರು. ನಾನು ಗೋಡೆ ಹಿಡಿದು ಬೆವರಿದೆ. ಮರ್ಯಾದೆಗೆ ಬೆನ್ನೆಲುಬಿಲ್ಲ, ನನಗಿದೆ. ಅದೇ ಪಜೀತಿ.

ಲುಂಬಿನಿಗೆ ನಿಜ ಹೇಳಲು ನಾಚಿಕೆಯಾಗಿ ಸಂಜೆತನಕ ಹಲ್ಲು ಕಚ್ಚಿದೆ. ಕೊನೆಗೆ ಹೆಂಡತಿ ನೀಲಾಬಾಯಿಯೇ ಫೋನ್ ಹಚ್ಚಿದಳು: “ನಾಳಿಂದ ಇವ್ರು ಹೇಳಿದ್ದು ಬರೀಬ್ಯಾಡವ್ವಾ, ಇವ್ರ ಮಾರಿ ನೋಡಿ ಬರಿ.”