ಲೋಟದ ತಳದ ಪುಡಿ

ಕಾಗದನಗರ, ಭದ್ರಾವತಿ
೧೨-೪-೧೯೬೩

ಗಂಗಾಧರಪ್ಪನವರಿಗೆ,

ಕ್ಷೇಮ ವಿಚಾರಿಸಲು ಈ ಕಾಗದ ಬರೆಯುತ್ತಿಲ್ಲ. ನಿಮ್ಮ ಹೆಂಡತಿ ಬಿ.ಎ. ಪಾಸಾಗಲೇಬೇಕೆಂದು, ನಿಮ್ಮ ಔಷಧಿ ಅಂಗಡಿಯ ಬುದ್ಧಿ ಹೆಚ್ಚಿಸುವ ಮಾತ್ರೆಯನ್ನು ನನ್ನ ತಂಗಿ ಉಮಾಳಿಗೆ ಹೇಳದೆ ಹಾಲಿನಲ್ಲಿ ಕಲಸಿ ಕುಡಿಸಿದಿರಿ. ಲೋಟದ ತಳದಲ್ಲಿ ಪುಡಿ ಕಂಡಿದ್ದನ್ನು ಅವಳೇ ನನಗೆ ಹೇಳಿದಳು. ಓದಿದ್ದೆಲ್ಲ ಬಾಯಿಪಾಠವಾಯಿತು, ನಿದ್ದೆ ಹೋಯಿತು. ಪರೀಕ್ಷೆ ಬರೆಯುತ್ತಿರುವಾಗಲೇ ಕುಸಿದು ಬಿದ್ದಳು. ಆಗಲೂ ನೀವು ಕೇಳಿದ್ದು, "ಪೇಪರ್ ಪೂರ್ತಿ ಬರೆದ್ಲಾ?" ಅಂತ.

ಇಲ್ಲಿಗೆ ಬಂದ ಮೇಲೆ ಅವಳಿಗೆ ನಿದ್ದೆ ಹತ್ತುತ್ತಿದೆ. ನೀವು ಕಳಿಸಿದ ಮಾತ್ರೆಗಳನ್ನು ಒಲೆಗೆ ಹಾಕಿದ್ದೇನೆ. ಅವಳ ಸೀರೆಗಳನ್ನು ಬಸ್ಸಿನಲ್ಲಿ ಕಳಿಸಿಕೊಡಿ. ನೀವು ಬರಬೇಡಿ.

ಅವಳ ಬುದ್ಧಿ ಸರಿಯಾಗಿದೆಯೇ ಎಂದು ನಿಮ್ಮ ಕಾಗದದಲ್ಲಿ ಕೇಳಿದ್ದೀರಿ. ಇವತ್ತು ಬೆಳಿಗ್ಗೆ ಅವಳೇ ಅಂದಳು: "ಅಕ್ಕಾ, ನಾನು ಆ ಮನೆಗೆ ಇನ್ನು ಹೋಗಲ್ಲ."

ಇಂತಿ,
ಕಾಶಮ್ಮ