ಲೆಕ್ಕ ಬಿಟ್ಟು ಎದ್ದ ಜೋಯೆಲ್

ಮಾಯ್,

ನೀನು ತೀರಿಕೊಂಡ ಮೇಲೂ ನಿನಗೇ ಮೊದಲು ಹೇಳಬೇಕೆನ್ನಿಸಿದ ಸುದ್ದಿ ಇದು. "ಶಾಲೆ ಬಿಡ್ಸಿ ಮನೇಲೇ ಕಲಿಸಿರೆ ಹುಡುಗ ನಾಕು ಜನರ ಸಂಗ್ತಿಗೆ ಬೆರೆಯೂದು ಹೆಂಗೆ?" ಎಂದು ಮುನಿಸಿಕೊಂಡು ಅಂಕೋಲೆಗೆ ಹೋದವಳು ನೀನು ಮತ್ತೆ ಬರಲಿಲ್ಲ.

ಇವತ್ತು ನಿನ್ನ ಮೊಮ್ಮಗ ಜೋಯೆಲನಿಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಪಕ್ಕದ ಮನೆಯ ಕಾಶಿ, ಮೀನಿಗೆ ಹೋದ ಗಂಡನ ದೋಣಿ ಇನ್ನೂ ಬೈತಖೋಲ ಬಂದರಿಗೆ ಮರಳಿಲ್ಲವೆಂದು ತನ್ನ ಜಗಲಿಯಲ್ಲಿ ಅಳುತ್ತಿದ್ದಳು. ನಾನು ಪುಸ್ತಕ ಮುಚ್ಚುವಷ್ಟರಲ್ಲಿ ಇವನು ಎದ್ದು ಹೋಗಿ ಅವಳ ಪಕ್ಕ ಕೂತ.

"ರಾಮಾ ಮಾಮ ಬರೂವರೆಗೆ ನಾನೂ ಇಲ್ಲೇ ಕೂರ್ತೆ. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಅವರ ಹೆಸರು ಹೇಳಿದ್ದೆ."

ಕಾಶಿ ಅವನನ್ನು ತಬ್ಬಿಕೊಂಡಳು. ಮಧ್ಯಾಹ್ನ ದೋಣಿ ಬಂತು. ಸಂಜೆ ಮಗಳನ್ನು ಕರೆತಂದು, "ನಮ್ಮ ಪ್ರಗತಿಗೂ ಇವನ ಸಂಗ್ತಿಗೆ ಲೆಕ್ಕ ಹೇಳಿಕೊಡ್ತ್ರಾ?" ಎಂದು ಕೇಳಿದಳು.

ನೀನಿದ್ದಿದ್ದರೆ ಇವತ್ತೇ ಅವನನ್ನು ಅಂಕೋಲೆಗೆ ಕರೆದುಕೊಂಡು ಬರುತ್ತಿದ್ದೆ, ಮಾಯ್. ನಾಳೆ ಪಾಠಕ್ಕೆ ದೊಡ್ಡ ಚಾಪೆ ಹಾಸುತ್ತೇನೆ.